ಬಂದೂಕಿಗೆ ಕೋಡು ಹೆರೆಸಿದ್ದು

ಅಕ್ಕನನ್ನು ಒಂದು ಮಾತು ಕೇಳಬೇಕಾಗಿತ್ತು. ಕೇಳಲಿಲ್ಲ. ಬನಹಟ್ಟಿ ಏನು ಕಾಶಿಯಷ್ಟು ದೂರವಿಲ್ಲ. ನಮ್ಮೂರಿನಿಂದ ಜಮಖಂಡಿಗೆ ಒಂದು ಬಸ್ಸು, ಅಲ್ಲಿಂದ ಇನ್ನೊಂದು. ಅದೂ ಬೇಡವೆಂದರೆ ಕಿಸೆಯಲ್ಲಿ ಫೋನಿತ್ತು. ಆದರೂ ಅವಳನ್ನು ಕೇಳದೆ ಮನೆಯ ಬಂದೂಕನ್ನು ಮಾರಲು ಹೊರಟೆ. ಮಾರುವ ಮೊದಲು ಅದಕ್ಕೆ ಮಾಡಿಸಬಾರದ್ದನ್ನು ಮಾಡಿಸಿದೆ. ಅದು ತಪ್ಪೆಂದು ಗೊತ್ತಾದಾಗ, ಎಂದೋ ತೀರಿಕೊಂಡ ಅಪ್ಪನ ತಲೆಗೆ ಕಟ್ಟಿ ಕೈತೊಳೆದುಕೊಂಡೆ. ಅದೂ ಅಕ್ಕನ ಎದುರಿಗೇ.

ಇವತ್ತು ಇದೆಲ್ಲ ನೆನಪಾಗಲು ಕಾರಣ ಒಂದು ಕೌದಿ. ಬಿಸಿಲು ಬಿದ್ದಿದೆಯೆಂದು ನಮ್ಮ ಮನೆಯವಳು ಹಾಸಿಗೆ ಹೊದಿಕೆಗಳನ್ನೆಲ್ಲ ಕಟ್ಟೆಯ ಮೇಲೆ ಹರವಿದ್ದಳು. ನಡುವೆ ಒಂದು ವಿಚಿತ್ರ ಕೌದಿ. ಮನುಷ್ಯನಿಗೆ ಹೊದಿಯಲು ಅಗಲ ಸಾಲದು, ಮಗುವಿಗೆ ಉದ್ದ ಹೆಚ್ಚು. ಅದು ಬಂದೂಕಿನ ಕೌದಿ. ನಮ್ಮ ಅವ್ವ ತನ್ನ ಹಳೆಯ ಇಳಕಲ್ ಸೀರೆಗಳನ್ನು ಸೇರಿಸಿ ಅದರ ಅಳತೆಗೇ ಹೊಲಿದಿದ್ದಳು. ಮೂಸಿ ನೋಡಿದೆ. ಇನ್ನೂ ವಾರ್ನಿಶ್ ವಾಸನೆ. ನಾನು ಐದನೆಯ ಇಯತ್ತೆಯವರೆಗೆ ಮಾತ್ರ ಶಾಲೆ ಕಂಡವನು. ಹೇಳುವಾಗ ಹಿಂದಿನದು ಮುಂದೆ, ಮುಂದಿನದು ಹಿಂದೆ ಆದರೆ ನೀವೇ ಸರಿಮಾಡಿಕೊಳ್ಳಬೇಕು.

ಬೇಟೆಯ ಬಂದೂಕು ನಮ್ಮಂಥವರ ಮನೆಗೆ ಬಂದದ್ದೇ ಒಂದು ತಮಾಷೆ. ನಮ್ಮದು ಲಿಂಗ ಕಟ್ಟಿದ ಮನೆ. ಇರುವೆ ಕಾಲಿಗೆ ಸಿಕ್ಕರೂ 'ಶಿವಾ' ಎಂದು ಕಾಲೆತ್ತುವ ಜನ. ನಮ್ಮ ಅಜ್ಜ ದನಗಳ ಮುರಿದ ಕಾಲು ಕಟ್ಟುವುದರಲ್ಲಿ ಹೆಸರಾದವನು. ಸಂಸ್ಥಾನದ ಕಾಲದಲ್ಲಿ ಮುಧೋಳದ ಕಡೆಯ ಒಬ್ಬ ಸರದಾರರ ಬೇಟೆನಾಯಿ ಕಾಲು ಮುರಿದುಕೊಂಡಿತಂತೆ. ಅಜ್ಜನನ್ನು ಕರೆಸಿದರು. ದನಕ್ಕೆ ಕಟ್ಟಿದಂತೆಯೇ ನಾಯಿಗೂ ಬಿದಿರಿನ ಸೀಳು ಕಟ್ಟಿ ಬಂದ. ನಾಯಿ ಮತ್ತೆ ಗಾಳಿಯಂತೆ ಓಡತೊಡಗಿತು. ಖುಷಿಯಾದ ಸರದಾರರು "ಏನು ಬೇಕು ಕೇಳು" ಎಂದರಂತೆ. ಅಜ್ಜನ ಮನಸ್ಸಿನಲ್ಲಿದ್ದದ್ದು ಒಂದು ಜೋಡಿ ಎತ್ತು. ಆದರೆ ದೊಡ್ಡವರ ಮುಂದೆ ಬಾಯಿ ಬರಲಿಲ್ಲ, ನೆಲ ನೋಡುತ್ತ ನಿಂತ. ಸರದಾರರು ತಮ್ಮ ಕೈಯಲ್ಲಿದ್ದ ಬಂದೂಕನ್ನೇ ಕೊಟ್ಟುಬಿಟ್ಟರು, ಜೊತೆಗೆ ಒಂದು ಬಿಸ್ಕೀಟಿನ ಡಬ್ಬಿ ತುಂಬ ಗುಂಡಿನ ಕಾಡತೂಸು.

ಅಜ್ಜಿ ಬಾಗಿಲಲ್ಲೇ ತಡೆದಳಂತೆ. "ಕಾಲ ಕಟ್ಟಿದ್ದಕ್ಕ ಕೊಲ್ಲೂದನ್ನ ಕೊಟ್ಟಾರನು? ಒಳಗ ತಂದ್ರ ನಾ ತವರಮನಿಗಿ ಹೋಗ್ತೇನಿ ನೋಡ್ರಿ." ಹಾಗಾಗಿ ಬಂದೂಕು ಮೊದಲಿಗೆ ದನದ ಕೊಟ್ಟಿಗೆಯಲ್ಲೇ ಇತ್ತು. ಎಷ್ಟೋ ದಿನದ ಮೇಲೆ ಅಜ್ಜಿಯೇ ಮನಸ್ಸು ಕರಗಿ, ಅದಕ್ಕೂ ಮೂರು ಬೆರಳಿನ ವಿಭೂತಿ ಎಳೆದು ಒಳಗೆ ಕರೆದುಕೊಂಡಳು. ಅಲ್ಲಿಂದ ಮುಂದೆ ಅದು ನಮ್ಮ ಮನೆಯ ಸಸ್ಯಾಹಾರಿ ಬಂದೂಕು.

ಅದಕ್ಕೆ ವರ್ಷಕ್ಕೆ ಒಂದೇ ದಿನ ಕೆಲಸ. ಖಂಡೆ ನವಮಿಯ ಸಂಜೆ ಅಪ್ಪ ಅದನ್ನು ಕುಡಗೋಲು, ಕೊಡಲಿ, ರೆಂಟೆಗಳ ಜೊತೆ ಇಟ್ಟು ಪೂಜೆ ಮಾಡಿ, ಹಿತ್ತಲಿಗೆ ಒಯ್ದು ಆಕಾಶಕ್ಕೆ ಒಂದು ಗುಂಡು ಹೊಡೆಯುತ್ತಿದ್ದ. ಕಬ್ಬಿನ ಹೊಲದಿಂದ ಬೆಳ್ಳಕ್ಕಿಗಳು ಏಳುತ್ತಿದ್ದವು. ಡಬ್ಬಿಯಲ್ಲಿದ್ದ ಕಾಡತೂಸು ಕರಗುತ್ತ ಬಂತು. ಹೊಸದು ಎಲ್ಲಿಯೂ ಸಿಗಲಿಲ್ಲ. ಕೊನೆಗೆ ಡಬ್ಬಿ ಬರಿದಾಯಿತು, ಪದ್ಧತಿ ಮಾತ್ರ ಉಳಿಯಿತು. ಅಪ್ಪ ಬಂದೂಕೆತ್ತಿ ಕುದುರೆ ಎಳೆದರೆ ಬರೀ 'ಟಕ್' ಎನ್ನುತ್ತಿತ್ತು. 'ಢಂ' ಎನ್ನುವ ಕೆಲಸ ನನ್ನದಾಯಿತು. ಹೊಟ್ಟೆಯಿಂದ ಉಸಿರು ಎಳೆದು 'ಢಂ' ಎಂದರೆ ಓಣಿಯ ನಾಯಿಗಳು ಬಾಲ ಮಡಚುತ್ತಿದ್ದವು. "ಬಸ್ಯಾನ ಗುಂಡಿಗೆ ಲೈಸನ್ಸ್ ಬೇಕಾಗಿಲ್ಲ ನೋಡಪಾ" ಎಂದು ಅಕ್ಕ ನಗುತ್ತಿದ್ದಳು. ಬಸ್ಯಾ ಎಂದರೆ ನಾನೇ. ಊರವರಿಗೆ ಬಸಪ್ಪ.

ಅಕ್ಕನ ಹೆಸರು ಶಾಂತವ್ವ. ಹೆಸರಿಟ್ಟವರನ್ನು ಹುಡುಕಿ ಕೇಳಬೇಕು, ಯಾವ ಧೈರ್ಯದ ಮೇಲೆ ಇಟ್ಟರೆಂದು. ಗಂಡುಮಗನಾದ ನಾನು ಬಂದೂಕು ಹೊರಬಂದರೆ ಅವ್ವನ ಸೆರಗು ಹಿಡಿಯುತ್ತಿದ್ದೆ. ಅವಳು ಅಪ್ಪನ ಪಕ್ಕದಲ್ಲಿ ಕೂತು, ತುದಿಗೆ ಬಟ್ಟೆ ಕಟ್ಟಿದ ಕಡ್ಡಿಯಿಂದ ನಳಿಗೆಯ ಒಳಗನ್ನು ಒರೆಸುತ್ತಿದ್ದಳು. ಹೊಲಿಗೆ ಮಷಿನ್ನಿನ ಎಣ್ಣೆ ಎಲ್ಲಿಗೆ ಎಷ್ಟು ಹನಿ ಎಂದು ಅವಳಿಗೇ ಗೊತ್ತು. ಡಬ್ಬಿಯಲ್ಲಿ ಇನ್ನೂ ಒಂದಿಷ್ಟು ಕಾಡತೂಸು ಇದ್ದಾಗಿನ ಒಂದು ನವಮಿಗೆ, ತಾನೇ ಹೊಡೆಯುತ್ತೇನೆಂದು ಹಟ ಹಿಡಿದಳು. ಅವ್ವ ಬೈದಳು. ಅಪ್ಪ ನಕ್ಕು ಕೊಟ್ಟ.

"ಹೆಗಲಿಗೆ ಗಟ್ಟಿ ಒತ್ತಿ ಹಿಡಿ ಬೇ, ಒದೀತೈತಿ."

"ಹಿಡದೇನಿ ಬಿಡಪಾ."

ಹಿಡಿದಿರಲಿಲ್ಲ. ಬಂದೂಕು ಎಮ್ಮೆಯಂತೆ ಒದೆಯಿತು. ಅಕ್ಕ ಹಿಂದಕ್ಕೆ ಬಿದ್ದಳು. ಎದ್ದಾಗ ಮುಂದಿನ ಹಲ್ಲಿನ ಮೂಲೆ ಮುರಿದಿತ್ತು. ಬಂದೂಕಿನ ಹಿಂಗಟ್ಟಿಗೆಯಲ್ಲಿ, ಗಲ್ಲ ತಾಗುವ ಜಾಗದ ಪಕ್ಕದಲ್ಲಿ, ಅಕ್ಕಿಕಾಳಿನಷ್ಟು ತಗ್ಗು ಬಿದ್ದಿತ್ತು. ಅವ್ವ ಬಾಯಿ ಬಡಿದುಕೊಂಡಳು. ಅಕ್ಕ ಬಾಯಿಯ ರಕ್ತ ಉಗುಳಿ, ಕೈಚಾಚಿ ಹೇಳಿದ್ದು ಒಂದೇ ಮಾತು: "ಇನ್ನೊಂದ ಕೊಡಪಾ."

ಆ ಹಲ್ಲು ಅವಳ ಮದುವೆಯ ತನಕ ನಡೆದು ಬಂತು. ಮೊದಲು ನೋಡಲು ಬಂದ ತೇರದಾಳದ ಕಡೆಯ ಹಿರಿಯರು "ಹುಡಿಗಿ ಹಲ್ಲಿಗೆ ಏನಾಗೇತ್ರಿ?" ಎಂದು ಕೇಳಿದರು. ಬೀಸುಕಲ್ಲಿನ ಮೇಲೆ ಬಿದ್ದಳೆಂದು ಹೇಳಬೇಕೆಂದು ಅವ್ವ ಅಪ್ಪನಿಗೆ ಹಿಂದಿನ ದಿನವೇ ಪಾಠ ಮಾಡಿದ್ದಳು. ಅಪ್ಪನಿಗೆ ಸುಳ್ಳು ಬಾಯಿಗೆ ಬರುತ್ತಿರಲಿಲ್ಲ. "ಬಂದೂಕ ಹೊಡಿಬೇಕಾದ್ರ ಒದ್ದೇತ್ರಿ" ಎಂದ. ಅವರು ಅವಲಕ್ಕಿ ತಿಂದು, ಚಹಾ ಕುಡಿದು ಹೋದವರು ಹೋದರು. ಮುಂದೆ ಬನಹಟ್ಟಿಯ ನೇಕಾರರ ಮನೆಯಿಂದ ಬಂದರು. ಅದೇ ಪ್ರಶ್ನೆ, ಅದೇ ಉತ್ತರ. ಮದುಮಗ ಕುತೂಹಲದಿಂದ "ಗುರಿ ತಾಗಿತ್ತೇನ್ರಿ?" ಎಂದ. ಒಳಗೆ ಬಾಯಿ ಮುಚ್ಚಿಕೊಂಡು ಕೂರಬೇಕಾಗಿದ್ದ ಅಕ್ಕ ಬಾಗಿಲ ಹಿಂದಿನಿಂದಲೇ, "ಮೋಡಕ್ಕ ಹೊಡದಿದ್ದೆ. ತಾಗೇ ಇರಬೇಕು, ಮರುದಿನಾ ಮಳಿ ಆತು" ಎಂದಳು. ಆತ ನಕ್ಕ ನಗೆಗೇ ಮದುವೆ ಗಟ್ಟಿಯಾಯಿತು. ಅವನೇ ನನ್ನ ಮಾವ.

ಅಪ್ಪ ತೀರಿಕೊಂಡ ಮೇಲೆ ಬಂದೂಕಿನ ಲೈಸನ್ಸು ನನ್ನ ಹೆಸರಿಗಾಯಿತು. ಗಂಡುಮಗನಲ್ಲವೇ? ಅಕ್ಕನಿಗೆ ಬೇಕೇ ಎಂದು ಯಾರೂ ಕೇಳಲಿಲ್ಲ, ನಾನೂ ಕೇಳಲಿಲ್ಲ. "ಎಣ್ಣಿ ಹಾಕೂದ ಮರೀಬ್ಯಾಡೋ ತಮ್ಮಾ" ಎಂದಷ್ಟೇ ಹೇಳಿ ಬಸ್ಸು ಹತ್ತಿದಳು. ನಾನು ಮರೆತೆ. ಅವಳು ಮರೆಯಲಿಲ್ಲ. ಪ್ರತಿ ವರ್ಷ ನಾಗರ ಪಂಚಮಿಗೆ ತವರಿಗೆ ಬಂದಾಗ ಜೋಕಾಲಿ ಆಡಿ, ಉಂಡಿ ತಿಂದು, ಮಧ್ಯಾಹ್ನ ಎಲ್ಲರೂ ಅಡ್ಡಾದಾಗ ಬಂದೂಕನ್ನು ತೊಡೆಯ ಮೇಲೆ ಹಾಕಿಕೊಂಡು ಕೂರುತ್ತಿದ್ದಳು.

ನನ್ನ ಪಾಲಿಗೆ ಅದು ಹೊರೆ. ನಮ್ಮಲ್ಲಿ ಚುನಾವಣೆಗೆ ಬರವಿಲ್ಲ, ಗೊತ್ತಲ್ಲ? ಊರಿನದು, ತಾಲೂಕಿನದು, ಬೆಂಗಳೂರಿನದು, ದಿಲ್ಲಿಯದು. ಪ್ರತಿ ಚುನಾವಣೆಗೂ ಲೈಸನ್ಸಿನ ಬಂದೂಕನ್ನು ಪೊಲೀಸ್ ಠಾಣೆಗೆ ಒಪ್ಪಿಸಿ, ಮುಗಿದ ಮೇಲೆ ಹೋಗಿ ತರಬೇಕು. ಕೌದಿ ಸುತ್ತಿ ಬಸ್ಸಿನಲ್ಲಿ ಒಯ್ಯುತ್ತಿದ್ದೆ. ಒಮ್ಮೆ ಕಂಡಕ್ಟರ್ ಮೆಲ್ಲಗೆ ಬಗ್ಗಿ, "ಎಲ್ಲೈತ್ರಿ ಭಜನಿ?" ಎಂದು ಕೇಳಿದ. ಒಳಗಿರುವುದು ತಂಬೂರಿ ಎಂದುಕೊಂಡಿದ್ದ. ಸತ್ಯ ಹೇಳಿದರೆ ಬಸ್ಸು ಖಾಲಿಯಾದೀತೆಂದು "ಜಮಖಂಡ್ಯಾಗ್ರಿ" ಎಂದೆ. ಠಾಣೆಯ ಹವಾಲ್ದಾರರದು ಇನ್ನೊಂದು ರಾಗ.

"ಏನೋ ಬಸಪ್ಪಾ, ಗುಂಡ ಇಲ್ಲದ ಬಂದೂಕ ಎದಕ ಹೊತ್ತಕೊಂಡ ಬರ್ತೀ?"

"ನೀವ ತಾ ಅಂತೀರಲ್ರಿ ಸಾಹೇಬರ."

ಗುಂಡು ಸಿಕ್ಕರೆ ಕಬ್ಬಿನ ಹೊಲಕ್ಕೆ ಬರುವ ಹಂದಿಗಳನ್ನಾದರೂ ಹೆದರಿಸಬಹುದೆಂದು ವಿಜಯಪುರದ ಬಂದೂಕಿನ ಅಂಗಡಿಗೂ ಒಮ್ಮೆ ಹೋಗಿದ್ದೆ. ಅಂಗಡಿಯವರು ನಳಿಗೆಯ ಮೇಲೆ ಕೊರೆದ ಗುಂಡಿನ ಅಳತೆಯ ನಂಬರು ಓದಿ ತಲೆಯಾಡಿಸಿದರು. "ನಮ್ಮಲ್ಲಿ ಸಿಗೂದು ಮುನ್ನೂರಾ ಹದಿನೈದು. ಇದು ಮುನ್ನೂರಾ ಹದಿನೆಂಟ ಐತಿ. ಇದರ ಕಾಡತೂಸ ಈ ಕಡೆ ಯಾರೂ ಇಡಂಗಿಲ್ಲ."

"ಮೂರ ನಂಬರದ ಮಾತಲ್ರೀ? ಹದಿನೈದನ್ನ ಕೊಡ್ರಿ, ಸ್ವಲ್ಪ ಸಡ್ಲ ಆದೀತು."

"ಚಪ್ಲಿ ಅಂತ ತಿಳಿದೀರೇನು? ಕೈ ಮಾರಿ ಉಳೀಬೇಕಿಲ್ಲ ನಿಮಗ?"

ಆದರೂ ಅವರು ಒಳ್ಳೆಯವರು. ಇಂಥ ಅಪರೂಪದ ನಂಬರಿನ ಹಳೆಯ ಬಂದೂಕುಗಳನ್ನು ಲೈಸನ್ಸು ಮಾಡಿಸಿ ಕೂಡಿಡುವ ಒಬ್ಬ ದೇಸಾಯರು ಬೆಳಗಾವಿ ಕಡೆ ಇದ್ದಾರೆಂದು ಹೇಳಿ ಅವರ ನಂಬರು ಕೊಟ್ಟರು. ನಾನು ಫೋನು ಮಾಡಿದೆ. ದೇಸಾಯರು ಖುಷಿಯಿಂದ, "ನಾನ ಬಂದು ನೋಡ್ತೇನಿ. ಇದ್ದದ್ದು ಇದ್ದಂಗ ಇರಲಿ. ಒರಸೂದು ತಿಕ್ಕೂದು ಏನೂ ಮಾಡಬ್ಯಾಡ್ರಿ" ಎಂದರು.

ನನ್ನ ಬುದ್ಧಿ ಓಡಿದ್ದು ಇಲ್ಲಿಯೇ. ನಾನು ಹುಟ್ಟಿದಾಗಿನಿಂದ ಕಂಡ ವ್ಯಾಪಾರವೆಂದರೆ ದನದ ಸಂತೆಯದು. ಅಲ್ಲಿ ಕೊಳ್ಳುವವನು ಏನನ್ನುತ್ತಾನೆ? "ಮೈ ಏನ ತೊಳೀತೀ ಬಿಡೋ, ಇದ್ದಂಗ ಹೊಡಕೊಂಡ ಬಾ" ಎನ್ನುತ್ತಾನೆ. ಕೆಸರು ಮೆತ್ತಿದ ಎತ್ತಿಗೆ ಬೆಲೆ ಕಡಿಮೆ ಕೇಳಬಹುದಲ್ಲ! ಜಾಣ ರೈತ ಹಾಗೆ ಹೋಗುವುದಿಲ್ಲ. ಎತ್ತಿನ ಮೈ ತಿಕ್ಕಿ ತೊಳೆದು, ಕೋಡು ಹೆರೆಸಿ, ಎಣ್ಣೆ ಹಚ್ಚಿ, ಕೊರಳಿಗೆ ಗೆಜ್ಜೆ ಕಟ್ಟಿ ಒಯ್ಯುತ್ತಾನೆ. ಆಗ ಕಾರಹುಣ್ಣಿಮೆ ಬೇರೆ. ಓಣಿಯ ತುಂಬ ಎತ್ತುಗಳ ಕೋಡಿಗೆ ಬಣ್ಣ ಬಳಿಯುತ್ತಿದ್ದರು. ದೇಸಾಯರ ಹಂಚಿಕೆ ನನಗೆ ಗೊತ್ತಾಯಿತೆಂದು ಒಳಗೊಳಗೇ ನಕ್ಕು, ಬಂದೂಕನ್ನು ಕೌದಿಯಲ್ಲಿ ಸುತ್ತಿ ಮಹಾಲಿಂಗಪುರಕ್ಕೆ ಹೊರಟೆ.

ಅಲ್ಲಿ ಬಾಗಿಲು, ಮಂಚಗಳಿಗೆ ಪಾಲಿಶ್ ಮಾಡುವ ಪೀರಸಾಬ ನನ್ನ ಪರಿಚಯದವನು. ಬಂದೂಕನ್ನು ಬಿಟ್ಟು ಬರುವಂತಿಲ್ಲ, ಕಾನೂನು. ದಿನವಿಡೀ ಎದುರಿಗೆ ಕೂತೆ. ಆತ ಪಾಲಿಶ್ ಪೇಪರ್ ಹಿಡಿದು ತಿಕ್ಕುತ್ತ ಒಂದು ಕಡೆ ನಿಲ್ಲಿಸಿದ.

"ಅಣ್ಣಾ, ಇಲ್ಲೊಂದು ತಗ್ಗ ಐತಿ. ತುಂಬ್ಲೇನು?"

ಅಕ್ಕನ ಹಲ್ಲು. ಗುರುತು ಸಿಕ್ಕಿತು. ಆದರೂ ಸುಳಿ ಕೆಟ್ಟ ಎತ್ತನ್ನು ಸಂತೆಗೆ ಒಯ್ಯುವವನಂತೆ, "ತುಂಬಿ ಬಿಡಪಾ, ಐಬ ಕಾಣಬಾರದು" ಎಂದೆ. ಕಟ್ಟಿಗೆಯ ಪುಡಿ, ಅಂಟು ಕಲಸಿ ತುಂಬಿದ. ಮೇಲೆ ಎರಡು ಸಲ ವಾರ್ನಿಶ್. ಆಮೇಲೆ ಪಕ್ಕದ ಓಣಿಯಲ್ಲಿ ಹಿತ್ತಾಳೆ ಪಾತ್ರೆಗಳಿಗೆ ಮಷಿನ್ ಹಿಡಿದು ಹೊಳಪು ಕೊಡುವವನಲ್ಲಿ ಕಬ್ಬಿಣದ ಭಾಗವನ್ನೂ ತಿಕ್ಕಿಸಿದೆ. ಕಾಗೆಯ ರೆಕ್ಕೆಯಂತೆ ನೀಲಿ ಕಪ್ಪಾಗಿದ್ದ ನಳಿಗೆ ಮದುವೆಯ ಬೋಗುಣಿಯಂತೆ ಫಳಫಳ ಎಂದಿತು. ಬಸ್ಸಿನಲ್ಲಿ ಬರುವಾಗ ಕೌದಿ ಸರಿಸಿ ಸರಿಸಿ ನೋಡಿಕೊಂಡೆ.

ದೇಸಾಯರು ಬರುವ ದಿನ ಬೆಳಿಗ್ಗೆ ಅಕ್ಕ ಬಂದಿಳಿದಳು. ನಮ್ಮ ಮನೆಯವಳು ಫೋನಿನಲ್ಲಿ ಹೇಳಿಬಿಟ್ಟಿದ್ದಳು. "ಮಾರ್ತೀಯಂತಲ್ಲೋ" ಎಂದಳು ಅಕ್ಕ, ಚಪ್ಪಲಿ ಬಿಡುತ್ತ. "ಬರೀ ಬೆಲಿ ಕಟ್ಟಸಾಕತ್ತೇನಿ ಯಕ್ಕಾ" ಎಂದು ತಪ್ಪಿಸಿಕೊಂಡೆ. ತೋರಿಸು ಎಂದಾಳೆಂಬ ಹೆದರಿಕೆಯಲ್ಲಿರುವಾಗಲೇ ಹೊರಗೆ ಕಾರು ನಿಂತಿತು. ಆ ದಿನ ದೇಸಾಯರು ದೇವರಂತೆ ಬಂದರೆಂದುಕೊಂಡೆ.

ಕೌದಿ ಬಿಚ್ಚಿದೆ. ಅವರು ಚಷ್ಮಾ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ನೋಡಿದರು.

"ಇದ ಏನ್ರಿ?"

"ಇದ ರೀ."

"ಫೋನಿನ್ಯಾಗ ಹೇಳಿದ್ದು?"

"ಹೌದ್ರಿ, ಇದ ರೀ."

ಆದರೂ ಹಿರಿಯರು, ಪೂರ್ತಿ ನೋಡಿದರು. ಬಂದೂಕು ಖಾಲಿ ಇದೆಯೇ ಎಂದು ತಾವೇ ತೆರೆದು ಬೆರಳು ಹಾಕಿ ಖಾತ್ರಿ ಮಾಡಿಕೊಂಡರು. ಸಣ್ಣ ಬ್ಯಾಟರಿ ಹಿಡಿದು ನಳಿಗೆಯ ಒಳಗೆ ಇಣುಕಿದರು. ಬೇರೆ ಬೇರೆ ಭಾಗಗಳಲ್ಲಿರುವ ನಂಬರುಗಳು ಒಂದಕ್ಕೊಂದು ಕೂಡುತ್ತವೆಯೇ ನೋಡಿದರು. ತಿರುಪುಗಳ ತಲೆ ಸವೆದಿದೆಯೇ ನೋಡಿದರು. ಸಂತೆಯಲ್ಲಿ ಎತ್ತಿನ ಹಲ್ಲು, ಗೊರಸು, ಸುಳಿ ನೋಡಿದಂತೆಯೇ. ನನಗೆ ಧೈರ್ಯ ಬಂತು. ಹೆಗಲ ಮೇಲಿನ ಟವೆಲ್ ಮುಂದೆ ಹಿಡಿದು ಅದರ ಕೆಳಗೆ ಕೈ ಚಾಚಿದೆ. ಸಂತೆಯಲ್ಲಿ ಬೆಲೆ ಬಾಯಲ್ಲಿ ಹೇಳುವುದಿಲ್ಲ, ಬಟ್ಟೆಯ ಕೆಳಗೆ ಬೆರಳು ಹಿಡಿದು ಹೇಳುತ್ತೇವೆ. ದೇಸಾಯರು ಗಾಬರಿಯಾಗಿ ನನ್ನ ಕೈ ಕುಲುಕಿದರು.

"ನೋಡ್ರಿ ಬಸಪ್ಪನವರ," ಎಂದರು. "ಹೊಡಿಯಾವರಿಗೆ ಇದು ಬರೀ ಬಡಿಗಿ. ಕಾಡತೂಸ ಸಿಗಂಗಿಲ್ಲ. ಸಿಗಂಗಿಲ್ಲ ಅಂತನ ನಮ್ಮಂಥಾ ಹುಚ್ಚರಿಗೆ ಬೇಕು. ಈ ನಂಬರಿಂದು ನಮ್ಮ ಕಡೆ ನಾ ಕಂಡಿಲ್ಲ. ನಳಗಿ ಒಳಗ ಕನ್ನಡಿ ಇದ್ದಂಗೈತಿ, ಯಾರೋ ಮನಸಿಟ್ಟು ಎಣ್ಣಿ ಹಾಕ್ಯಾರ. ಆದ್ರ ಹೊರಗಿನ ಮೈ ಎಲ್ಲಾ ಹೋಗೇತಿ. ಹಳೇ ಬಣ್ಣ, ಹಳೇ ಕಲಿ, ಹಿಡದು ಹಿಡದು ಸವದದ್ದು ಇದ್ರನ ಇದಕ್ಕ ಬೆಲಿ. ಇದನ್ನೀಗ ನಾ ಒಯ್ಯಂಗಿಲ್ರಿ. ಯಾರ ಮಾಡಿದ್ರು ಇದನ್ನ?"

ಬಾಗಿಲಲ್ಲಿ ಅಕ್ಕ ಚಹಾದ ತಾಟು ಹಿಡಿದು ನಿಂತಿದ್ದಳು. ನನ್ನ ನಾಲಿಗೆ ನನ್ನನ್ನು ಕೇಳದೆಯೇ ತಿರುಗಿತು.

"ನಮ್ಮ ಅಪ್ಪಾರು ಮಾಡಿಸಿದ್ರು ರೀ. ಅವರ ಕಾಲದಾಗನ."

ದೇಸಾಯರು ಕಟ್ಟಿಗೆಯ ಮೇಲೆ ಬೆರಳಿಟ್ಟಿದ್ದರು. ತೆಗೆಯಲು ಹೋದರೆ ಬೆರಳು ಅಂಟಿಕೊಂಡು ಬಂತು. ಮೂಸಿ ನೋಡಿದರು.

"ತಂದಿಯವರು ತೀರಿಕೊಂಡು ಭಾಳ ದಿನ ಆತೇನ್ರಿ?"

"ಭಾಳ ವರ್ಷ ಆತ್ರಿ."

"ಹ್ಞಾಂ" ಎಂದರು ದೇಸಾಯರು. ಬೆರಳನ್ನು ಕರವಸ್ತ್ರಕ್ಕೆ ಒರೆಸಿಕೊಂಡರು. ಸಜ್ಜನರು.

ಅಕ್ಕ ಬಂದು ತಾಟು ಇಟ್ಟಳು. ಬಗ್ಗಿದವಳು ಹೆಬ್ಬೆರಳನ್ನು ಬಂದೂಕಿನ ಹಿಂಗಟ್ಟಿಗೆಯ ಮೇಲೆ ಒಮ್ಮೆ ಆಡಿಸಿದಳು. ಕಣ್ಣಿಲ್ಲದವರೂ ಹುಡುಕಬಹುದಾಗಿದ್ದ ಆ ಜಾಗದಲ್ಲಿ ಬೆರಳು ನಿಂತಿತು, ಏನೂ ಸಿಗದೆ ಮುಂದೆ ಜಾರಿತು. ನನ್ನ ಸುಳ್ಳನ್ನು ಹೊರಗಿನವರ ಮುಂದೆ ಬಿಚ್ಚಲಿಲ್ಲ. "ಚಹಾ ಆರ್ತೈತ್ರಿ" ಎಂದು ದೇಸಾಯರಿಗೆ ಹೇಳಿ ಒಳಗೆ ಹೋದಳು.

ಕಾರು ತಿರುಗಿದ ಮೇಲೆ ಒಳಗೆ ಬಂದು ನೋಡಿದರೆ ಅಕ್ಕ ಚೀಲ ಹಿಡಿದು ನಿಂತಿದ್ದಳು. ರೊಟ್ಟಿ ತಟ್ಟಿಯಾಗಿತ್ತು. ಉಣ್ಣಲಿಲ್ಲ. ನಮ್ಮ ಮನೆಯವಳು ಉಡಿ ತುಂಬಲು ಅಕ್ಕಿ, ಕಾಯಿ ತಂದು ಎದುರು ನಿಂತರೆ, "ಇರಲಿ ಬಿಡವಾ" ಎಂದು ಪಕ್ಕಕ್ಕೆ ಸರಿದು ಹೊರಬಿದ್ದಳು. ಹೆಣ್ಣುಮಗಳು ತವರಿನಿಂದ ಉಣ್ಣದೆ, ಬರಿ ಉಡಿಯಲ್ಲಿ ಹೋಗುವುದೆಂದರೆ ನಮ್ಮ ಕಡೆ ಏನರ್ಥವೆಂದು ನಿಮಗೆ ಹೇಳಬೇಕಾಗಿಲ್ಲ. ಅದಕ್ಕಿಂತ ಬೈದಿದ್ದರೆ, ಆ ಬಂದೂಕನ್ನೇ ತಿರುಗಿಸಿ ಬಡಿದಿದ್ದರೆ ಹಿತವಾಗಿತ್ತು.

ಆಮೇಲೆ ನನ್ನ ಫೋನಿಗೆಲ್ಲ ಮಾವನೇ ಓಗೊಟ್ಟ. "ಕೆಲಸದಾಗ ಅದಾಳಪಾ." "ಈಗ ಮಲಗಿದ್ಲು." "ಗುಡಿಗಿ ಹೋಗ್ಯಾಳ ಅಂತ ಹೇಳಂದ್ಲು." ಮಾವನಿಗೂ ನಮ್ಮ ಅಪ್ಪನಂತೆ ಸುಳ್ಳು ಹತ್ತುವುದಿಲ್ಲ. ಶ್ರಾವಣ ಬಂತು. ಪಂಚಮಿ ಹತ್ತಿರವಾಯಿತು. ನಮ್ಮ ಮನೆಯವಳು ಜೋಕಾಲಿಯ ಹಗ್ಗವನ್ನು ನನ್ನ ಮುಂದೆ ಎಸೆದಳು. "ನೀವ ಹೋಗಿ ಅಕ್ಕಾರನ್ನ ಕರಕೊಂಡ ಬರ್ರಿ. ಅವರು ಬರಲಿಲ್ಲಂದ್ರ ಈ ಮನ್ಯಾಗ ಜೋಕಾಲಿ ಕಟ್ಟಂಗಿಲ್ಲ, ಉಂಡಿ ಕಟ್ಟಂಗಿಲ್ಲ. ಬಂದೂಕ ಮುಂದ ಕುಂತು ಬರೇ ರೊಟ್ಟಿ ತಿನ್ರಿ." ಒಂದು ವರ್ಷ ತಪ್ಪಿದರೆ ಅಕ್ಕ ಮುಂದೆಂದೂ ಬರಲಿಕ್ಕಿಲ್ಲ ಎಂಬುದು ನಮ್ಮಿಬ್ಬರಿಗೂ ಗೊತ್ತಿತ್ತು.

ಕುಬಸದ ಕಣ, ತೆಂಗಿನಕಾಯಿ ಕಟ್ಟಿಕೊಂಡು ಹೊರಟೆ. ಬಸ್ಸಿನಲ್ಲಿ ಹೇಳಬೇಕಾದ ಮಾತನ್ನು ತಿರುಗಿಸಿ ಮುರುಗಿಸಿ ಜೋಡಿಸಿದೆ. ಜಮಖಂಡಿಯವರೆಗೆ ಚೆನ್ನಾಗಿಯೇ ಇತ್ತು. ಬನಹಟ್ಟಿಯಲ್ಲಿ ಇಳಿದಾಗ ಒಂದಕ್ಷರವೂ ಉಳಿದಿರಲಿಲ್ಲ.

ಅಕ್ಕನ ಓಣಿಯಲ್ಲಿ ಮನೆಮನೆಗೂ ಪವರ್‌ಲೂಮು. ಖಟಾಖಟ್ ಸಪ್ಪಳದಲ್ಲಿ ಅಲ್ಲಿಯ ಜನ ಮಾತಾಡುವುದು ಅರ್ಧ ಕೈಯಿಂದ. ಮಾವ ಮಗ್ಗದ ಹಿಂದಿನಿಂದ ನನ್ನನ್ನು ನೋಡಿ, ಹುಬ್ಬೆತ್ತಿ, ಮೂಲೆಗೆ ಬೆರಳು ತೋರಿಸಿದ. ಅಲ್ಲಿ ಅಕ್ಕ ಮಗ್ಗದ ಲಾಳಿಗೆ ನೂಲಿನ ಕಂಡಿಕಿ ಸುತ್ತುತ್ತ ಕೂತಿದ್ದಳು. ತಲೆಯೆತ್ತಲಿಲ್ಲ. ಪಕ್ಕದಲ್ಲಿ ಕೂತು ಮೆಲ್ಲಗೆ ಹೇಳಿದೆ. ಅವಳು ಕಿವಿ ತೋರಿಸಿ ಕೈ ಅಲ್ಲಾಡಿಸಿದಳು. ಸ್ವಲ್ಪ ಜೋರಾಗಿ ಹೇಳಿದೆ.

"ಕೇಳವಲ್ದು!" ಎಂದಳು, ನೂಲಿನ ಮೇಲೆಯೇ ಕಣ್ಣಿಟ್ಟು.

ಮೂವತ್ತು ವರ್ಷ ಅದೇ ಸಪ್ಪಳದಲ್ಲಿ ಬದುಕಿ, ಮೊಮ್ಮಗುವಿನ ನರಳಾಟವನ್ನೂ ಹಿಡಿಯುವ ಕಿವಿ ಅವಳದು. ಕೇಳದೆ ಏನು? ಆದರೂ ನಾನು ಎದ್ದು ನಿಂತೆ. ಹೊಟ್ಟೆಯಿಂದ ಉಸಿರೆಳೆದೆ. "ಯಕ್ಕಾ!" ಎಂದು ಬಾಯಿ ತೆರೆದದ್ದೇ ತಡ, ಓಣಿಯ ಕರೆಂಟು ಹೋಯಿತು. ಎಲ್ಲ ಮಗ್ಗಗಳೂ ಒಟ್ಟಿಗೆ ನಿಂತವು. ಬಾಯಿಂದ ಹೊರಟ ಮಾತು ನಿಲ್ಲಬೇಕಲ್ಲ?

"ಬಂದೂಕ ಹೆರೆಸಿದ್ದು ಅಪ್ಪ ಅಲ್ಲಾ! ನಾನ ಸುಳ್ಳ ಹೇಳೇನೀ!"

ಆ ಕೂಗು ಆಚೆಯ ಓಣಿಯ ಗೋಡೆಗೆ ಬಡಿದು ತಿರುಗಿ ಬಂತು. ಒಂದೊಂದೇ ಬಾಗಿಲಲ್ಲಿ ತಲೆಗಳು ಮೂಡಿದವು. "ಯಾರಪಾ ಅದು?" "ಶಾಂತಕ್ಕನ ತಮ್ಮಂತ." "ಅಪ್ಪನ ಮ್ಯಾಲ ಹಾಕ್ಯಾನಂತ ನೋಡ್ರಿ!" ಮಾವ ಮಗ್ಗದ ಹಿಂದೆ ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡಿದ್ದ. ಭುಜ ಮಾತ್ರ ಕುಣಿಯುತ್ತಿದ್ದವು.

ಅಕ್ಕ ನೂಲಿನ ಎಳೆ ಕೈಯಲ್ಲಿ ಹಿಡಿದೇ ತಲೆಯೆತ್ತಿದಳು. ನಗು ತಡೆಯಲು ತುಟಿ ಕಚ್ಚಿದ್ದಳು.

"ಮೂಲಿಮನಿ ಸಿದ್ದವ್ವಾಯಿಗೆ ಕಿವಿ ಮಂದ. ಆಕೀಗೆ ಕೇಳಿಲ್ಲ," ಎಂದಳು. "ಇನ್ನೊಮ್ಮಿ ಹೇಳು."

ಎದುರು ಕಟ್ಟೆಯ ಮೇಲೆ ಒಬ್ಬ ಮುದುಕಿ ನಿಜವಾಗಿಯೂ ಕಿವಿಯ ಹಿಂದೆ ಕೈಯಿಟ್ಟು ಕಾಯುತ್ತಿದ್ದಳು. ನಾನು ಮುದುಕಿಯ ಕಡೆ ತಿರುಗಲಿಲ್ಲ. ಅಕ್ಕನ ಮುಖವನ್ನೇ ನೋಡುತ್ತ, ಒಂದೊಂದೇ ಮಾತನ್ನು ಬಿಡಿಸಿ ಹೇಳಿದೆ.

"ತಪ್ಪಾತು ಯಕ್ಕಾ. ಬಂದೂಕ ನಂದಷ್ಟ ಅಲ್ಲ, ನಿಂದೂ. ನಿನ್ನ ಗುರುತ ಅಳಿಸಿದಾಂವ ನಾನ. ಅಪ್ಪನ ಹೆಸರ ಕೆಡಿಸಿದಾಂವನೂ ನಾನ. ಹೊಟ್ಯಾಗ ಹಾಕ್ಕೊಂಡ ಪಂಚಮಿಗಿ ಬಾ."